ಹೆನ್ರಿ ಹ್ಯಾಲೆಟ್ ಡೇಲ್

ಸರ್ ಹೆನ್ರಿ ಹ್ಯಾಲೆಟ್ ಡೇಲ್ (ಜೂನ್ 9, 1875 – ಜುಲೈ 23, 1968) ಇಂಗ್ಲೆಂಡಿನ ಶರೀರಕ್ರಿಯಾ ವಿಜ್ಞಾನಿ ಮತ್ತು ಔಷಧವಿಜ್ಞಾನಿ. ನರಗಳ ಸಂದೇಶವು ರಾಸಾಯನಿಕಗಳ ಮೂಲಕ ಸಾಗುತ್ತದೆ ಎಂಬುದನ್ನು ಸ್ಥಾಪಿಸಿದ್ದಕ್ಕಾಗಿ 1936ರಲ್ಲಿ ಆಟೊ ಲೋವಿ ಅವರೊಂದಿಗೆ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಪಡೆದರು. ಪ್ರಸೂತಿ ವಿಭಾಗದಲ್ಲಿ ಇಂದು ಬಳಕೆಯಲ್ಲಿರುವ ಎರಡು ವಿರುದ್ಧ ಸ್ವಭಾವದ ಔಷಧಗಳ, ಅಂದರೆ ಗರ್ಭಕೋಶವನ್ನು ಸಂಕುಚಿಸುವ ಔಷಧಗಳ ಮತ್ತು ಅದನ್ನು ಸಡಿಲಿಸುವ ಔಷಧಗಳ ಇತಿಹಾಸವು ಇವರು 1906ರಲ್ಲಿ ಪ್ರಕಟಿಸಿದ ಒಂದೇ ಪ್ರಬಂಧದವರೆಗೆ ಹಿಂದಕ್ಕೆ ಹೋಗುತ್ತದೆ. ಈ ಕಾರಣದಿಂದ ಶುಶ್ರೂಷಾ ಶಿಕ್ಷಣದ ವಿದ್ಯಾರ್ಥಿಗಳಿಗೂ ಇವರ ಜೀವನದ ಪರಿಚಯ ಉಪಯುಕ್ತವಾಗಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಡೇಲ್ ಅವರು ಲಂಡನ್ನಿನಲ್ಲಿ ಜನಿಸಿದರು. ತಂದೆ ಚಾರ್ಲ್ಸ್ ಜೇಮ್ಸ್ ಡೇಲ್ ವ್ಯಾಪಾರಸ್ಥರು. ಏಳು ಮಕ್ಕಳಲ್ಲಿ ಹೆನ್ರಿ ಮೂರನೆಯವರು. ಇವರ ತಮ್ಮ ಬೆಂಜಮಿನ್ ಡೇಲ್ ಮುಂದೆ ಸಂಗೀತ ಸಂಯೋಜಕರಾಗಿ ಹೆಸರು ಗಳಿಸಿದರು. ಕೇಂಬ್ರಿಜ್ಜಿನ ಲೀಸ್ ಶಾಲೆಯಲ್ಲಿ ಓದಿದ ನಂತರ 1894ರಲ್ಲಿ ಟ್ರಿನಿಟಿ ಕಾಲೇಜನ್ನು ಸೇರಿ, ಶರೀರಕ್ರಿಯಾ ವಿಜ್ಞಾನಿ ಜಾನ್ ಲ್ಯಾಂಗ್ಲಿ ಅವರ ಮಾರ್ಗದರ್ಶನದಲ್ಲಿ ಅಧ್ಯಯನ ಮಾಡಿದರು. ವೈದ್ಯಕೀಯ ತರಬೇತಿಯನ್ನು ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯಲ್ಲಿ ಪಡೆದರು.

1902ರಿಂದ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅರ್ನೆಸ್ಟ್ ಸ್ಟಾರ್ಲಿಂಗ್ ಮತ್ತು ವಿಲಿಯಂ ಬೇಲಿಸ್ ಅವರೊಂದಿಗೆ ಸಂಶೋಧನೆಯಲ್ಲಿ ತೊಡಗಿದರು. ಇವರಿಬ್ಬರೂ ಆ ವರ್ಷವೇ ಸೆಕ್ರೆಟಿನ್ ಎಂಬ ಹಾರ್ಮೋನನ್ನು ಕಂಡುಹಿಡಿದಿದ್ದರು. ಜರ್ಮನಿಯಿಂದ ಅಲ್ಲಿಗೆ ಬಂದಿದ್ದ ಆಟೊ ಲೋವಿ ಅವರ ಪರಿಚಯವಾದದ್ದೂ ಇದೇ ಕಾಲದಲ್ಲಿ. ಆ ಸ್ನೇಹ ಜೀವಮಾನದುದ್ದಕ್ಕೂ ಉಳಿಯಿತು. ಬಳಿಕ ಕೆಲವು ತಿಂಗಳು ಫ್ರಾಂಕ್‌ಫರ್ಟಿನಲ್ಲಿ ಪಾಲ್ ಎರ್ಲಿಖ್ ಅವರ ಪ್ರಯೋಗಾಲಯದಲ್ಲಿಯೂ ಕೆಲಸ ಮಾಡಿದರು. 1904ರಲ್ಲಿ ತಮ್ಮ ಸೋದರ ಸಂಬಂಧಿಯಾದ ಎಲೆನ್ ಹ್ಯಾರಿಯೆಟ್ ಹ್ಯಾಲೆಟ್ ಅವರನ್ನು ವಿವಾಹವಾದರು. ದಂಪತಿಗಳಿಗೆ ಮೂವರು ಮಕ್ಕಳು.

ವೆಲ್ಕಮ್ ಪ್ರಯೋಗಾಲಯ ಮತ್ತು ಎರ್ಗಟ್

1904ರಲ್ಲಿ ಡೇಲ್ ಅವರು ಔಷಧೋದ್ಯಮಿ ಹೆನ್ರಿ ವೆಲ್ಕಮ್ ಸ್ಥಾಪಿಸಿದ್ದ ಶರೀರಕ್ರಿಯಾ ಪ್ರಯೋಗಾಲಯವನ್ನು ಸೇರಿದರು. ಔಷಧ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರುವುದು ವಿಜ್ಞಾನಿಗೆ ತಕ್ಕುದಲ್ಲವೆಂದು ಕೆಲವರು ಎಚ್ಚರಿಸಿದರೂ ಅವರು ಹಿಂಜರಿಯಲಿಲ್ಲ. 1906ರಲ್ಲಿ ಅದರ ನಿರ್ದೇಶಕರಾದರು. ಎರ್ಗಟ್ ಕುರಿತು ಅಧ್ಯಯನ ನಡೆಸಬಹುದೆಂಬ ಸೂಚನೆ ವೆಲ್ಕಮ್ ಅವರಿಂದಲೇ ಬಂದಿತು.

ಎರ್ಗಟ್ ಎಂಬುದು ರೈ ಧಾನ್ಯದ ತೆನೆಗೆ ತಗಲುವ ಒಂದು ಶಿಲೀಂಧ್ರ. ಕಾಳಿನ ಜಾಗದಲ್ಲಿ ಕಪ್ಪಗಿನ ಕೊಂಬಿನಂಥ ಗಂಟು ಬೆಳೆಯುತ್ತದೆ. ಭಾರತದಲ್ಲಿ ಸಜ್ಜೆಯ ತೆನೆಗೂ ಇದೇ ಕುಲದ ಶಿಲೀಂಧ್ರರೋಗ ಬರುತ್ತದೆ. ಯೂರೋಪಿನ ಸೂಲಗಿತ್ತಿಯರು ಹೆರಿಗೆಯನ್ನು ಚುರುಕುಗೊಳಿಸಲು ಎರ್ಗಟ್ಟನ್ನು ಬಳಸುತ್ತಿದ್ದರು. ಆದರೆ ಅದರ ಪರಿಣಾಮವನ್ನು ಮುಂಚಿತವಾಗಿ ಊಹಿಸಲಾಗುತ್ತಿರಲಿಲ್ಲ. ಮಗು ಹುಟ್ಟುವ ಮೊದಲು ಕೊಟ್ಟರೆ ಗರ್ಭಕೋಶವು ಬಿಡುವಿಲ್ಲದೆ ಬಿಗಿದುಕೊಂಡು ಮಗು ಸಾಯುವ, ಗರ್ಭಕೋಶ ಒಡೆಯುವ ಅಪಾಯವಿತ್ತು. ಆದ್ದರಿಂದ ಹತ್ತೊಂಬತ್ತನೆಯ ಶತಮಾನದ ವೈದ್ಯರು ಅದನ್ನು ಹೆರಿಗೆಯ ನಂತರದ ರಕ್ತಸ್ರಾವವನ್ನು ತಡೆಯಲು ಮಾತ್ರ ಸೀಮಿತಗೊಳಿಸತೊಡಗಿದರು. ಈ ಶಿಲೀಂಧ್ರದಲ್ಲಿರುವ ಕ್ರಿಯಾಶೀಲ ವಸ್ತು ಯಾವುದೆಂಬುದು ಆಗ ತಿಳಿದಿರಲಿಲ್ಲ. ರಸಾಯನವಿಜ್ಞಾನಿ ಜಾರ್ಜ್ ಬಾರ್ಜರ್ ಅದರಲ್ಲಿರುವ ವಸ್ತುಗಳನ್ನು ಬೇರ್ಪಡಿಸಿದರು. ಡೇಲ್ ಅವುಗಳ ಪರಿಣಾಮವನ್ನು ಪ್ರಾಣಿಗಳಲ್ಲಿ ಪರೀಕ್ಷಿಸಿದರು.

ಗರ್ಭಕೋಶದ ಮೇಲಿನ ಪ್ರಯೋಗಗಳು

ಒಂದು ದಿನ ಎರ್ಗಟ್ ಸತ್ವವನ್ನು ಪಡೆದಿದ್ದ ಬೆಕ್ಕಿನ ಮೇಲೆ ಅಡ್ರಿನಲ್ ಗ್ರಂಥಿಯ ಸತ್ವದ ಮಾದರಿಯೊಂದನ್ನು ಡೇಲ್ ಪರೀಕ್ಷಿಸಿದರು. ಆ ಸತ್ವವು ರಕ್ತದೊತ್ತಡವನ್ನು ಏರಿಸಬೇಕಾಗಿತ್ತು. ಅದರ ಬದಲು ಒತ್ತಡ ಇಳಿಯಿತು. ಮಾದರಿಯೇ ಕೆಟ್ಟಿದೆಯೆಂದು ಅವರು ಮೊದಲು ತೀರ್ಮಾನಿಸಿದರು. ಮುಂದಿನ ವಾರ ಮತ್ತೊಂದು ಮಾದರಿಯೂ ಅದೇ ಸನ್ನಿವೇಶದಲ್ಲಿ ಅದೇ ಫಲಿತಾಂಶವನ್ನು ಕೊಟ್ಟಾಗ ದೋಷ ಮಾದರಿಯದಲ್ಲವೆಂಬುದು ಸ್ಪಷ್ಟವಾಯಿತು. ಅಡ್ರಿನಲಿನ್‌ಗೆ ಉದ್ದೀಪಿಸುವ ಮತ್ತು ತಡೆಯುವ ಎರಡು ಬಗೆಯ ಕ್ರಿಯೆಗಳಿವೆ. ಎರ್ಗಟ್ ಮೊದಲನೆಯದನ್ನು ಮಾತ್ರ ಅಳಿಸಿಹಾಕಿ ಎರಡನೆಯದನ್ನು ಉಳಿಸಿತ್ತು.

ಗರ್ಭಕೋಶದಲ್ಲಿ ಈ ಇಬ್ಬಗೆ ಇನ್ನೂ ಸ್ಪಷ್ಟವಾಗಿ ಕಂಡಿತು. ಗರ್ಭ ಧರಿಸದ ಬೆಕ್ಕಿಗೆ ಅಡ್ರಿನಲಿನ್ ಕೊಟ್ಟರೆ ಗರ್ಭಕೋಶ ಸಡಿಲಗೊಳ್ಳುತ್ತಿತ್ತು. ಗರ್ಭಿಣಿ ಬೆಕ್ಕಿಗೆ ಅದನ್ನೇ ಕೊಟ್ಟರೆ ಗರ್ಭಕೋಶ ಸಂಕುಚಿಸುತ್ತಿತ್ತು. ಆದರೆ ಗರ್ಭಿಣಿ ಬೆಕ್ಕಿಗೆ ಎರ್ಗಟ್ ಸತ್ವವನ್ನು ಮೊದಲು ಕೊಟ್ಟು ಆಮೇಲೆ ಅಡ್ರಿನಲಿನ್ ಕೊಟ್ಟಾಗ ಸಂಕೋಚನದ ಬದಲು ಸಡಿಲಿಕೆಯೇ ಕಾಣುತ್ತಿತ್ತು. ಒಂದೇ ಅಂಗದಲ್ಲಿ, ಒಂದೇ ವಸ್ತುವಿಗೆ, ಎರಡು ವಿರುದ್ಧ ಪ್ರತಿಕ್ರಿಯೆಗಳು ಅಡಗಿವೆ ಎಂಬುದು ಇದರಿಂದ ತಿಳಿದುಬಂದಿತು. ಡೇಲ್ ಈ ವಿಷಯವನ್ನು 1906ರಲ್ಲಿ ಎರ್ಗಟ್‌ನ ಶರೀರಕ್ರಿಯಾ ಪರಿಣಾಮಗಳನ್ನು ಕುರಿತ ಪ್ರಬಂಧದಲ್ಲಿ ದಾಖಲಿಸಿದರು. ಗರ್ಭಕೋಶವನ್ನು ಸಡಿಲಿಸುವ ಔಷಧವನ್ನು ಹುಡುಕುವುದು ಅವರ ಗುರಿಯಾಗಿರಲಿಲ್ಲ. ಆದರೆ ಅಂಥ ಔಷಧ ಸಾಧ್ಯವೆಂಬುದಕ್ಕೆ ಬೇಕಾದ ಸಾಕ್ಷ್ಯ ಆ ಪುಟಗಳಲ್ಲಿತ್ತು.

ಅದೇ ಪ್ರಬಂಧದಲ್ಲಿ ಮತ್ತೊಂದು ಸಂಗತಿಯೂ ಇತ್ತು. ಪಿಟ್ಯುಟರಿ ಗ್ರಂಥಿಯ ಹಿಂಭಾಗದ ಸತ್ವವು ಗರ್ಭಕೋಶವನ್ನು ಬಲವಾಗಿ ಸಂಕುಚಿಸುತ್ತದೆ, ಮತ್ತು ಎರ್ಗಟ್ ಕೊಟ್ಟ ಮೇಲೂ ಈ ಪರಿಣಾಮ ಅಳಿಯುವುದಿಲ್ಲ. 1909ರಲ್ಲಿ ಡೇಲ್ ಇದನ್ನು ವಿವರವಾಗಿ ವರ್ಣಿಸಿದರು. ಅದೇ ವರ್ಷ ಲಿವರ್‌ಪೂಲಿನ ಸ್ತ್ರೀರೋಗ ತಜ್ಞ ವಿಲಿಯಂ ಬ್ಲೇರ್ ಬೆಲ್ ಈ ಸತ್ವವನ್ನು ಹೆರಿಗೆಯಲ್ಲಿ ಬಳಸಿ ವರದಿ ಮಾಡಿದರು. ಸತ್ವದಲ್ಲಿದ್ದ ಹಾರ್ಮೋನೇ ಆಕ್ಸಿಟೋಸಿನ್. ಅಮೆರಿಕದ ವಿನ್ಸೆಂಟ್ ಡು ವಿಗ್ನೋ 1953ರಲ್ಲಿ ಅದರ ರಚನೆಯನ್ನು ನಿರ್ಧರಿಸಿ ಸಂಶ್ಲೇಷಿಸಿದರು. 1955ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದಿತು.

1910ರಲ್ಲಿ ಡೇಲ್ ಮತ್ತು ಬಾರ್ಜರ್ ಅಡ್ರಿನಲಿನ್‌ನನ್ನು ಹೋಲುವ ಅನೇಕ ವಸ್ತುಗಳನ್ನು ಹೋಲಿಸಿ ನೋಡಿದರು. ಅದೇ ವರ್ಷ ಪ್ಯಾಟ್ರಿಕ್ ಲೇಡ್ಲಾ ಅವರೊಂದಿಗೆ ಹಿಸ್ಟಮಿನ್‌ನ ಪರಿಣಾಮಗಳನ್ನು ವಿವರಿಸಿದರು. 1913ರಲ್ಲಿ, ಒಂದು ಪ್ರೋಟೀನಿಗೆ ಮೊದಲೇ ಒಡ್ಡಿದ್ದ ಗಿನಿ ಇಲಿಯ ಗರ್ಭಕೋಶವನ್ನು ದೇಹದ ಹೊರಗಿಟ್ಟು, ಅದೇ ಪ್ರೋಟೀನನ್ನು ಸೋಕಿಸಿದ ಕೂಡಲೇ ಅದು ಸಂಕುಚಿಸುತ್ತದೆ ಎಂದು ತೋರಿಸಿದರು. ಅಲರ್ಜಿಯ ಅಧ್ಯಯನದಲ್ಲಿ ಇದು ಷುಲ್ಟ್ಸ್–ಡೇಲ್ ಪ್ರತಿಕ್ರಿಯೆ ಎಂದು ಪ್ರಸಿದ್ಧವಾಗಿದೆ.

ಅಂತರರಾಷ್ಟ್ರೀಯ ಮಾನಕಗಳು

1914ರಲ್ಲಿ ಡೇಲ್ ರಾಯಲ್ ಸೊಸೈಟಿಯ ಫೆಲೋ ಆಗಿ ಆಯ್ಕೆಯಾದರು. ಅದೇ ವರ್ಷ ವೆಲ್ಕಮ್ ಪ್ರಯೋಗಾಲಯವನ್ನು ಬಿಟ್ಟು ಬ್ರಿಟನ್ನಿನ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯನ್ನು ಸೇರಿದರು. 1928ರಿಂದ 1942ರವರೆಗೆ ಆ ಸಂಸ್ಥೆಯ ನಿರ್ದೇಶಕರಾಗಿದ್ದರು. ಮೊದಲ ಮಹಾಯುದ್ಧದ ಕಾಲದಲ್ಲಿ ಗಾಯಾಳುಗಳಲ್ಲಿ ಕಾಣುವ ಆಘಾತಸ್ಥಿತಿಯ ಅಧ್ಯಯನ ನಡೆಸಿದರು. 1922ರಲ್ಲಿ ಇನ್ಸುಲಿನ್ ಕುರಿತ ವರದಿಗಳನ್ನು ಪರಿಶೀಲಿಸಲು ಟೊರಾಂಟೊಗೆ ತೆರಳಿದರು.

ಆ ಕಾಲದಲ್ಲಿ ಗ್ರಂಥಿಗಳಿಂದ ತಯಾರಿಸಿದ ಔಷಧಗಳ ಬಲವು ಒಂದೊಂದು ಕಂಪನಿಯದು ಒಂದೊಂದು ರೀತಿ ಇರುತ್ತಿತ್ತು. ಒಂದು ಸೀಸೆಯ ಸತ್ವ ನಿಷ್ಫಲವಾದರೆ ಮತ್ತೊಂದು ಸೀಸೆಯದು ಗರ್ಭಕೋಶವನ್ನೇ ಒಡೆಯುವಷ್ಟು ತೀಕ್ಷ್ಣವಾಗಿರಬಹುದಿತ್ತು. ತೂಕದಿಂದ ಅಳೆಯಲಾಗದ ಇಂಥ ಔಷಧಗಳಿಗೆ ಎಲ್ಲ ದೇಶಗಳೂ ಒಪ್ಪುವ ಒಂದು ಮಾದರಿ ಇರಬೇಕು, ಉಳಿದವನ್ನು ಅದರೊಂದಿಗೆ ಹೋಲಿಸಿ ಅಳೆಯಬೇಕು ಎಂಬುದು ಡೇಲ್ ಅವರ ನಿಲುವಾಗಿತ್ತು. ರಾಷ್ಟ್ರಸಂಘದ ಆಶ್ರಯದಲ್ಲಿ 1923ರಲ್ಲಿ ಎಡಿನ್‌ಬರೋದಲ್ಲಿಯೂ 1925ರಲ್ಲಿ ಜಿನೀವಾದಲ್ಲಿಯೂ ನಡೆದ ಸಮ್ಮೇಳನಗಳಲ್ಲಿ ಅವರು ಮುಂದಾಳಾಗಿದ್ದರು. ಪಿಟ್ಯುಟರಿಯ ಹಿಂಭಾಗದ ಒಣಪುಡಿಯೊಂದನ್ನು 1925ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿ ಸ್ವೀಕರಿಸಲಾಯಿತು. ಅದರ 0.5 ಮಿಲಿಗ್ರಾಂನಲ್ಲಿರುವ ಶಕ್ತಿಯನ್ನು ಒಂದು ಯೂನಿಟ್ ಎಂದು ಗೊತ್ತುಪಡಿಸಲಾಯಿತು. ಹೊಸ ತಯಾರಿಕೆಯ ಬಲವನ್ನು ಗಿನಿ ಇಲಿಯ ಗರ್ಭಕೋಶದ ಸಂಕೋಚನದಿಂದ ಅಳೆಯುತ್ತಿದ್ದರು. ಇಂದು ಆಕ್ಸಿಟೋಸಿನ್ ಶುದ್ಧ ರಾಸಾಯನಿಕವಾಗಿ ದೊರೆತರೂ, ಆಂಪೂಲಿನ ಮೇಲೆ ಮಿಲಿಗ್ರಾಂ ಬದಲು ಯೂನಿಟ್ ಎಂದೇ ಮುದ್ರಿತವಾಗಿರುವುದು ಈ ವ್ಯವಸ್ಥೆಯ ಮುಂದುವರಿಕೆಯಾಗಿದೆ.

ಎರ್ಗಟ್‌ನ ಒಗಟು ಬಿಡಿಸಲ್ಪಟ್ಟದ್ದು 1935ರಲ್ಲಿ. ಡೇಲ್ ಅವರ ಸಂಸ್ಥೆಯ ರಸಾಯನವಿಜ್ಞಾನಿ ಹೆರಾಲ್ಡ್ ಡಡ್ಲಿ ಮತ್ತು ಪ್ರಸೂತಿ ತಜ್ಞ ಜಾನ್ ಚಾಸರ್ ಮಾಯಿರ್ ಸೇರಿ ಎರ್ಗೊಮೆಟ್ರಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಹೆರಿಗೆಯ ನಂತರದ ರಕ್ತಸ್ರಾವವನ್ನು ನಿಲ್ಲಿಸುವ ಎರ್ಗಟ್‌ನ ಗುಣಕ್ಕೆ ಮುಖ್ಯ ಕಾರಣ ಇದೇ ಆಗಿತ್ತು. ಡೇಲ್ ಮತ್ತು ಬಾರ್ಜರ್ ಮೂರು ದಶಕಗಳ ಹಿಂದೆ ಅಧ್ಯಯನ ಮಾಡಿದ್ದು ಬೇರೆ ವಸ್ತುವನ್ನು.

ನರಸಂದೇಶ ಮತ್ತು ನೊಬೆಲ್ ಪ್ರಶಸ್ತಿ

ಎರ್ಗಟ್‌ನ ಒಂದು ಮಾದರಿಯಲ್ಲಿ ದೊರೆತ ಅಸಿಟೈಲ್‌ಕೋಲಿನ್ ಎಂಬ ವಸ್ತುವು ಕೆಲವು ನರಗಳ ಕ್ರಿಯೆಯನ್ನು ಯಥಾವತ್ತಾಗಿ ಅನುಕರಿಸುತ್ತದೆ ಎಂದು ಡೇಲ್ 1914ರಲ್ಲಿ ತೋರಿಸಿದ್ದರು. ಅದು ಪ್ರಾಣಿದೇಹದಲ್ಲಿಯೇ ಇದೆಯೆಂಬುದಕ್ಕೆ ಪುರಾವೆ 1929ರಲ್ಲಿ ದೊರೆಯಿತು. ಆ ವರ್ಷ ಡೇಲ್ ಮತ್ತು ಡಡ್ಲಿ ಅದನ್ನು ದನ ಮತ್ತು ಕುದುರೆಗಳ ಗುಲ್ಮದಿಂದ ಬೇರ್ಪಡಿಸಿದರು. ನಾಜಿ ಆಡಳಿತದಿಂದಾಗಿ ಜರ್ಮನಿಯನ್ನು ತೊರೆದು ಬಂದ ವಿಲ್ಹೆಲ್ಮ್ ಫೆಲ್ಡ್‌ಬರ್ಗ್ ಮತ್ತು ಮಾರ್ಥಾ ಫೋಗ್ಟ್ ಅವರಿಗೆ ಡೇಲ್ ತಮ್ಮ ಪ್ರಯೋಗಾಲಯದಲ್ಲಿ ಸ್ಥಾನ ಕೊಟ್ಟರು. ಸ್ನಾಯುಗಳಿಗೆ ಹೋಗುವ ನರಗಳ ತುದಿಯಲ್ಲಿ ಅಸಿಟೈಲ್‌ಕೋಲಿನ್ ಬಿಡುಗಡೆಯಾಗುತ್ತದೆ ಎಂಬುದನ್ನು 1936ರಲ್ಲಿ ಪ್ರಕಟಿಸಿದ್ದು ಈ ಮೂವರು. ಅಡ್ರಿನರ್ಜಿಕ್, ಕೋಲಿನರ್ಜಿಕ್ ಎಂಬ ಪದಗಳನ್ನು ಡೇಲ್ 1933ರಲ್ಲಿ ಬಳಕೆಗೆ ತಂದರು. ಇವು ಇಂದಿಗೂ ಔಷಧವಿಜ್ಞಾನದ ಪಠ್ಯದ ಮೊದಲ ಪಾಠಗಳಲ್ಲಿ ಬರುತ್ತವೆ.

1936ರ ನೊಬೆಲ್ ಪ್ರಶಸ್ತಿ ಡೇಲ್ ಮತ್ತು ಲೋವಿ ಇಬ್ಬರಿಗೂ ಸಂದಿತು. 1938ರಲ್ಲಿ ನಾಜಿಗಳು ಆಸ್ಟ್ರಿಯವನ್ನು ಆಕ್ರಮಿಸಿ ಲೋವಿ ಅವರನ್ನು ಬಂಧಿಸಿದರು, ಅವರ ಪ್ರಶಸ್ತಿಯ ಹಣವನ್ನೂ ಕಸಿದುಕೊಂಡರು. ಬಿಡುಗಡೆಯಾದ ಲೋವಿ ಮೊದಲು ಇಂಗ್ಲೆಂಡಿಗೆ ಬಂದು, ಅನಂತರ ಅಮೆರಿಕದಲ್ಲಿ ನೆಲೆಸಿದರು.

ಸಾರ್ವಜನಿಕ ಜೀವನ

ಡೇಲ್ 1940ರಿಂದ 1945ರವರೆಗೆ ರಾಯಲ್ ಸೊಸೈಟಿಯ ಅಧ್ಯಕ್ಷರಾಗಿದ್ದರು. ಆ ಅವಧಿಯ 1941ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಹೋಮಿ ಭಾಭಾ ಸೊಸೈಟಿಯ ಫೆಲೋ ಆಗಿ ಆಯ್ಕೆಯಾದರು. ಸೊಸೈಟಿಯ ಇತಿಹಾಸದಲ್ಲಿ ಮೊತ್ತಮೊದಲ ಬಾರಿಗೆ ಮಹಿಳೆಯರು ಫೆಲೋಗಳಾಗಿ ಆಯ್ಕೆಯಾದದ್ದೂ ಅವರ ಅಧ್ಯಕ್ಷತೆಯಲ್ಲಿಯೇ: 1945ರಲ್ಲಿ ಕ್ಯಾಥ್ಲೀನ್ ಲಾನ್ಸ್‌ಡೇಲ್ ಮತ್ತು ಮಾರ್ಜರಿ ಸ್ಟೀಫನ್‌ಸನ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಯುದ್ಧ ಸಂಪುಟದ ವೈಜ್ಞಾನಿಕ ಸಲಹಾ ಸಮಿತಿಯ ಅಧ್ಯಕ್ಷರಾಗಿಯೂ ಸೇವೆ ಸಲ್ಲಿಸಿದರು. ಸೋವಿಯತ್ ಒಕ್ಕೂಟದಲ್ಲಿ ಲೈಸೆಂಕೊ ಅವರ ಸಿದ್ಧಾಂತವನ್ನು ಅಧಿಕಾರಬಲದಿಂದ ಹೇರಿ ತಳಿವಿಜ್ಞಾನಿಗಳನ್ನು ದಮನ ಮಾಡಿದ್ದನ್ನು ಪ್ರತಿಭಟಿಸಿ, 1948ರಲ್ಲಿ ಅಲ್ಲಿನ ವಿಜ್ಞಾನ ಅಕಾಡೆಮಿಯ ಗೌರವ ಸದಸ್ಯತ್ವಕ್ಕೆ ರಾಜೀನಾಮೆ ನೀಡಿದರು. 1938ರಿಂದ 1960ರವರೆಗೆ ವೆಲ್ಕಮ್ ಟ್ರಸ್ಟಿನ ಅಧ್ಯಕ್ಷರಾಗಿದ್ದರು.

ಟೀಕೆಗಳು ಮತ್ತು ಮಿತಿಗಳು

ಡೇಲ್ ಅವರ ಸಂಶೋಧನೆ ಬಹುಮಟ್ಟಿಗೆ ಪ್ರಾಣಿಗಳ ಮೇಲಿನ ಪ್ರಯೋಗಗಳನ್ನು ಅವಲಂಬಿಸಿತ್ತು. 1903ರಲ್ಲಿ ಬೇಲಿಸ್ ಅವರ ತರಗತಿಯಲ್ಲಿ ನಾಯಿಯೊಂದರ ಮೇಲೆ ನಡೆದ ಪ್ರಾತ್ಯಕ್ಷಿಕೆ ಇಂಗ್ಲೆಂಡಿನಲ್ಲಿ ದೊಡ್ಡ ವಿವಾದವಾಯಿತು. ಅದು ಕಂದುನಾಯಿ ಪ್ರಕರಣವೆಂದು ಹೆಸರಾಗಿದೆ. ಆಗ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಡೇಲ್ ಅದರಲ್ಲಿ ಭಾಗಿಯಾಗಿದ್ದರು. ಬೇಲಿಸ್ ಮಾನನಷ್ಟ ಮೊಕದ್ದಮೆಯಲ್ಲಿ ಗೆದ್ದರೂ ಪ್ರಾಣಿಪ್ರಯೋಗಗಳ ನೈತಿಕತೆಯ ಚರ್ಚೆ ನಿಲ್ಲಲಿಲ್ಲ.

ವೈಜ್ಞಾನಿಕವಾಗಿ ಅವರು ಕೈತಪ್ಪಿಸಿಕೊಂಡ ಸಂಗತಿಯೂ ಒಂದಿದೆ. 1910ರ ಹೋಲಿಕೆಯಲ್ಲಿ ನರಗಳ ಕ್ರಿಯೆಯನ್ನು ಅಡ್ರಿನಲಿನ್‌ಗಿಂತ ಹೆಚ್ಚು ನಿಕಟವಾಗಿ ಅನುಕರಿಸುವ ವಸ್ತುಗಳು ಅವರಿಗೆ ಕಂಡಿದ್ದವು; ಅವುಗಳಲ್ಲಿ ನಾರ್‌ಅಡ್ರಿನಲಿನ್ ಕೂಡ ಇತ್ತು. ಆದರೆ ಅದೇ ದೇಹದ ನೈಜ ನರವಾಹಕವಿರಬಹುದೆಂದು ಅವರು ಆಗ ಊಹಿಸಲಿಲ್ಲ. ಅದನ್ನು 1946ರಲ್ಲಿ ತೋರಿಸಿದವರು ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್.

ಗರ್ಭಕೋಶ ಸಡಿಲಕ ಔಷಧಗಳಿಗೆ ಬುನಾದಿ

ಅಡ್ರಿನಲಿನ್ ಒಂದೇ ಅಂಗದಲ್ಲಿ ವಿರುದ್ಧ ಪರಿಣಾಮಗಳನ್ನು ಏಕೆ ಉಂಟುಮಾಡುತ್ತದೆ ಎಂಬ ಪ್ರಶ್ನೆಗೆ ಉತ್ತರ ಸೂಚಿಸಿದವರು ಅಮೆರಿಕದ ರೇಮಂಡ್ ಆಲ್ಕ್ವಿಸ್ಟ್. ಜೀವಕೋಶಗಳಲ್ಲಿ ಆಲ್ಫಾ ಮತ್ತು ಬೀಟಾ ಎಂಬ ಎರಡು ಬಗೆಯ ಗ್ರಾಹಕಗಳಿವೆಯೆಂದು ಅವರು 1948ರಲ್ಲಿ ಪ್ರತಿಪಾದಿಸಿದರು. ಗರ್ಭಕೋಶದಲ್ಲಿ ಆಲ್ಫಾ ಗ್ರಾಹಕ ಸಂಕೋಚನವನ್ನೂ ಬೀಟಾ ಗ್ರಾಹಕ ಸಡಿಲಿಕೆಯನ್ನೂ ಉಂಟುಮಾಡುತ್ತದೆ. ಡೇಲ್ ಅವರ ಎರ್ಗಟ್ ಸತ್ವವು ಆಲ್ಫಾ ಗ್ರಾಹಕಗಳನ್ನು ತಡೆದಿತ್ತು. 1967ರಲ್ಲಿ ಬೀಟಾ ಗ್ರಾಹಕಗಳನ್ನು ಮತ್ತೆ ಎರಡಾಗಿ ವಿಂಗಡಿಸಲಾಯಿತು: ಹೃದಯದಲ್ಲಿ ಪ್ರಧಾನವಾದದ್ದು ಬೀಟಾ-1, ಗರ್ಭಕೋಶ ಮತ್ತು ಶ್ವಾಸನಾಳಗಳಲ್ಲಿ ಪ್ರಧಾನವಾದದ್ದು ಬೀಟಾ-2.

ಈ ತಿಳಿವಳಿಕೆಯಿಂದ ಐಸಾಕ್ಸುಪ್ರಿನ್, ರಿಟೊಡ್ರಿನ್, ಟರ್ಬ್ಯುಟಲಿನ್ ಮೊದಲಾದವು ಅವಧಿಪೂರ್ವ ಹೆರಿಗೆಯ ಚಿಕಿತ್ಸೆಗೆ ಬಂದವು. ಇವು ಬೀಟಾ-2 ಗ್ರಾಹಕಗಳನ್ನು ಪ್ರಚೋದಿಸಿ, ಜೀವಕೋಶದಲ್ಲಿ ಸೈಕ್ಲಿಕ್ ಎಎಂಪಿ ಪ್ರಮಾಣವನ್ನು ಹೆಚ್ಚಿಸುತ್ತವೆ. ಇದರಿಂದ ಕ್ಯಾಲ್ಸಿಯಂ ಇಳಿದು, ಸ್ನಾಯುವನ್ನು ಸಂಕುಚಿಸುವ ಕಿಣ್ವದ ಕ್ರಿಯೆ ಕುಗ್ಗುತ್ತದೆ. ಆದರೆ ಆಯ್ಕೆ ಪರಿಪೂರ್ಣವಲ್ಲ. ತಾಯಿಯಲ್ಲಿ ಎದೆಬಡಿತದ ಏರಿಕೆ, ಕೈನಡುಕ, ರಕ್ತದ ಸಕ್ಕರೆಯ ಏರಿಕೆ, ಪೊಟ್ಯಾಸಿಯಂ ಇಳಿಕೆ ಹಾಗೂ ಅಪರೂಪಕ್ಕೆ ಶ್ವಾಸಕೋಶದಲ್ಲಿ ನೀರು ತುಂಬುವ ಅಪಾಯವಿದೆ. ಆದ್ದರಿಂದ ನಾಡಿ, ಉಸಿರಾಟ, ದ್ರವದ ಲೆಕ್ಕ ಮತ್ತು ಸಕ್ಕರೆಯ ಮೇಲೆ ದಾದಿಯರು ನಿರಂತರ ನಿಗಾ ಇಡಬೇಕಾಗುತ್ತದೆ. ಚುಚ್ಚುಮದ್ದಿನ ಟರ್ಬ್ಯುಟಲಿನ್ ಅನ್ನು 48ರಿಂದ 72 ಗಂಟೆಗಳಿಗಿಂತ ಹೆಚ್ಚು ಕಾಲ ಈ ಉದ್ದೇಶಕ್ಕೆ ಬಳಸಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲಿ ಎಚ್ಚರಿಕೆ ನೀಡಿತು.

ಇಂದು ಕ್ಯಾಲ್ಸಿಯಂ ಪ್ರವೇಶವನ್ನು ತಡೆಯುವ ನಿಫೆಡಿಪಿನ್ ಹೆಚ್ಚು ಬಳಕೆಯಲ್ಲಿದೆ. ಅದನ್ನು ಕೊಡುವಾಗ ರಕ್ತದೊತ್ತಡ ಇಳಿಯುವುದನ್ನು ಗಮನಿಸಬೇಕು. ಅಟೊಸಿಬಾನ್ ಎಂಬ ಔಷಧವು ಆಕ್ಸಿಟೋಸಿನ್ ಗ್ರಾಹಕವನ್ನೇ ತಡೆಯುತ್ತದೆ. ಡೇಲ್ 1906ರಲ್ಲಿ ಗುರುತಿಸಿದ ಸಂಕೋಚನಕ್ಕೆ ಇದು ನೇರ ಪ್ರತಿಬಂಧಕ. ಇಂಡೊಮೆಥಾಸಿನ್ ಪ್ರೊಸ್ಟಗ್ಲಾಂಡಿನ್‌ಗಳ ಉತ್ಪತ್ತಿಯನ್ನು ಕುಗ್ಗಿಸುತ್ತದೆ. ಭ್ರೂಣದ ಹೃದಯದ ಬಳಿಯ ರಕ್ತನಾಳವೊಂದು ಮುಚ್ಚಿಕೊಳ್ಳುವ ಭಯದಿಂದ ಅದನ್ನು 32 ವಾರಗಳ ನಂತರ ಬಳಸುವುದಿಲ್ಲ. ಗರ್ಭಕೋಶದೊಳಗಿನ ಸೋಂಕು, ತೀವ್ರ ರಕ್ತಸ್ರಾವ ಅಥವಾ ಮಗುವಿನ ಮರಣವಿದ್ದಾಗ ಹೆರಿಗೆಯನ್ನು ಮುಂದೂಡುವ ಯಾವ ಔಷಧವನ್ನೂ ಕೊಡುವಂತಿಲ್ಲ.

ಕರ್ನಾಟಕದ ಸಂದರ್ಭದಲ್ಲಿ

ಈ ಔಷಧಗಳು ಹೆರಿಗೆಯನ್ನು ಪೂರ್ಣಾವಧಿಯವರೆಗೆ ತಡೆಯಲಾರವು. ಸುಮಾರು ಎರಡು ದಿನಗಳ ಕಾಲಾವಕಾಶವನ್ನು ದೊರಕಿಸಿಕೊಡುತ್ತವೆ. ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿಯಂಥ ತಾಲ್ಲೂಕುಗಳಲ್ಲಿ ಈ ಅವಕಾಶದ ಮಹತ್ವ ಸ್ಪಷ್ಟವಾಗುತ್ತದೆ. ಈ ಪಟ್ಟಣಗಳು ಬೆಂಗಳೂರಿನಿಂದ ಸುಮಾರು 50ರಿಂದ 60 ಕಿಲೋಮೀಟರ್ ದೂರದಲ್ಲಿವೆ. ಅವುಗಳ ಹಳ್ಳಿಗಳು ಇನ್ನೂ ಒಳಗಿವೆ. ಏಳನೆಯ ತಿಂಗಳಿನಲ್ಲಿ ನೋವು ಕಾಣಿಸಿಕೊಂಡ ತಾಯಿಯನ್ನು, ನವಜಾತ ಶಿಶುಗಳ ತೀವ್ರ ನಿಗಾ ಘಟಕವಿರುವ ಆಸ್ಪತ್ರೆಗೆ ಹೆರಿಗೆಯ ಮೊದಲೇ ತಲುಪಿಸುವುದು ಈ ಅವಧಿಯ ಒಂದು ಉದ್ದೇಶ. ಮಗುವಿನ ಶ್ವಾಸಕೋಶವನ್ನು ಬಲಿಸುವ ಸ್ಟೆರಾಯ್ಡ್ ಚುಚ್ಚುಮದ್ದು ಕೆಲಸ ಮಾಡಲು ಸಮಯ ಕೊಡುವುದು ಇನ್ನೊಂದು. 24ರಿಂದ 34 ವಾರಗಳ ನಡುವಿನ ಅವಧಿಪೂರ್ವ ಹೆರಿಗೆಯಲ್ಲಿ ಡೆಕ್ಸಾಮೆಥಾಸೋನ್‌ನ ಮೊದಲ ಪ್ರಮಾಣವನ್ನು ಕೊಟ್ಟು ತಾಯಿಯನ್ನು ಮುಂದಿನ ಆಸ್ಪತ್ರೆಗೆ ಕಳುಹಿಸಲು ಕಿರಿಯ ಆರೋಗ್ಯ ಸಹಾಯಕಿಯರಿಗೂ ಕೇಂದ್ರ ಸರ್ಕಾರದ 2014ರ ಮಾರ್ಗಸೂಚಿ ಅವಕಾಶ ನೀಡಿದೆ.

ಡೇಲ್ ಅವರ ಸಂಶೋಧನೆಯ ಇನ್ನೊಂದು ಮುಖವಾದ ಆಕ್ಸಿಟೋಸಿನ್ ಸಹ ಕರ್ನಾಟಕದೊಂದಿಗೆ ಸಂಬಂಧ ಹೊಂದಿದೆ. ಹಾಲು ಕರೆಯುವ ದನಗಳಿಗೆ ಇದನ್ನು ಅಕ್ರಮವಾಗಿ ಚುಚ್ಚಲಾಗುತ್ತಿದೆ ಎಂಬ ಕಾರಣದಿಂದ, ದೇಶೀಯ ಬಳಕೆಗಾಗಿ ಅದನ್ನು ತಯಾರಿಸುವ ಹಕ್ಕನ್ನು ಕೇಂದ್ರ ಸರ್ಕಾರ 2018ರಲ್ಲಿ ಬೆಂಗಳೂರಿನ ಸಾರ್ವಜನಿಕ ಉದ್ಯಮವಾದ ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಲಿಮಿಟೆಡ್‌ಗೆ ಮಾತ್ರ ಸೀಮಿತಗೊಳಿಸಿತು. ಒಬ್ಬನೇ ತಯಾರಕನಿದ್ದರೆ ಹೆರಿಗೆ ಕೋಣೆಗಳಲ್ಲಿ ಔಷಧದ ಕೊರತೆಯಾಗಿ ತಾಯಂದಿರ ಜೀವಕ್ಕೆ ಅಪಾಯವೆಂಬ ಆಕ್ಷೇಪ ಎದ್ದಿತು. ದೆಹಲಿ ಉಚ್ಚ ನ್ಯಾಯಾಲಯವು ಅದೇ ವರ್ಷದ ಡಿಸೆಂಬರಿನಲ್ಲಿ ಆ ಆದೇಶವನ್ನು ರದ್ದುಪಡಿಸಿತು.

ನಿಧನ ಮತ್ತು ಗೌರವಗಳು

ಡೇಲ್ ಅವರಿಗೆ 1932ರಲ್ಲಿ ನೈಟ್ ಪದವಿ, 1944ರಲ್ಲಿ ಆರ್ಡರ್ ಆಫ್ ಮೆರಿಟ್ ಗೌರವ ದೊರೆತವು. ಅವರ ಮಗಳು ಅಲಿಸನ್ ಅವರನ್ನು ವಿವಾಹವಾದ ರಸಾಯನವಿಜ್ಞಾನಿ ಅಲೆಕ್ಸಾಂಡರ್ ಟಾಡ್ ಸಹ 1957ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಡೇಲ್ 1968ರ ಜುಲೈ 23ರಂದು ಕೇಂಬ್ರಿಜ್ಜಿನಲ್ಲಿ ತಮ್ಮ 93ನೆಯ ವಯಸ್ಸಿನಲ್ಲಿ ನಿಧನರಾದರು. ಬ್ರಿಟನ್ನಿನ ಅಂತಃಸ್ರಾವ ವಿಜ್ಞಾನ ಸಂಘವು ಅವರ ಹೆಸರಿನಲ್ಲಿ ಡೇಲ್ ಪದಕವನ್ನು ನೀಡುತ್ತದೆ. ವೆಲ್ಕಮ್ ಟ್ರಸ್ಟ್ ಮತ್ತು ರಾಯಲ್ ಸೊಸೈಟಿ ಸೇರಿ ಯುವ ಸಂಶೋಧಕರಿಗಾಗಿ ಆರಂಭಿಸಿದ ಫೆಲೋಶಿಪ್‌ಗೂ ಅವರ ಹೆಸರನ್ನೇ ಇಡಲಾಯಿತು.